ಮೂರು ಕಿಟಕಿ, ಮೂರು ಅಳತೆ: ಹಗಲು ಮಲಗುವವರ ಕೋಣೆಗೆ ಪರದೆ ಆರಿಸಿದ ಬಗೆ

ಕೋಣೆ ಅಣ್ಣ-ಅತ್ತಿಗೆಯದು. ಮೂರು ಕಿಟಕಿ, ಮೂರೂ ಬೇರೆ ಬೇರೆ ಅಳತೆ. ಒಂದಕ್ಕೂ ರೆಡಿಮೇಡ್ ಪರದೆ ಹೊಂದುವುದಿಲ್ಲ. ಅತ್ತಿಗೆ ಆಸ್ಪತ್ರೆಯಲ್ಲಿ ನರ್ಸ್, ತಿಂಗಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ದಿನ ರಾತ್ರಿ ಪಾಳಿ. ಬೆಳಗ್ಗೆ ಮನೆಗೆ ಬಂದು, ಊರೆಲ್ಲ ಎದ್ದು ಓಡಾಡುವ ಹೊತ್ತಿಗೆ ಅವರು ಮಲಗಬೇಕು. ಮನೆಯಲ್ಲಿ ಎರಡು ವರ್ಷದ ಮಗಳೂ ಇದ್ದಾಳೆ. ಪರದೆ ಹೊಲಿದು ಕೂರಿಸುವುದೇ ನನ್ನ ಕೆಲಸ, ಹಾಗಾಗಿ ಈ ಕೋಣೆ ನನ್ನ ಪಾಲಿಗೆ ಬಂತು. ಇಂಥ ಕಿಟಕಿಗಳು ತುಂಬಾ ಮನೆಗಳಲ್ಲಿ ಇರುತ್ತವೆ. ಏನೇನು ಯೋಚಿಸಿದೆವು, ಯಾವುದನ್ನು ಯಾಕೆ ಬಿಟ್ಟೆವು ಅನ್ನುವುದನ್ನು ಅಳತೆ ಸಮೇತ ಬರೆಯುತ್ತೇನೆ.

ಕೋಣೆ ಇರುವ ರೀತಿ

ಮಂಚದ ತಲೆಭಾಗ ಪೂರ್ವದ ಗೋಡೆಗೆ ಇದೆ. ಆ ಗೋಡೆಯ ಅಗಲ 320 ಸೆಂ.ಮೀ. ಮಂಚದ ಮೇಲ್ಗಡೆ, ನೆಲದಿಂದ 190 ಸೆಂ.ಮೀ. ಎತ್ತರದಲ್ಲಿ ಒಂದು ಅಡ್ಡ ಕಿಟಕಿ ಶುರುವಾಗುತ್ತದೆ. ಅಗಲ 210, ಎತ್ತರ ಬರೀ 45. ಎರಡನೆಯದು ದಕ್ಷಿಣದ ಗೋಡೆಯಲ್ಲಿ, ಮೂಲೆಗೆ ಒತ್ತಿಕೊಂಡಿದೆ. ಅಗಲ 42, ಎತ್ತರ 165. ಚೌಕಟ್ಟಿಗೂ ಮೂಲೆಗೂ ನಡುವೆ 4 ಸೆಂ.ಮೀ. ಗೋಡೆ, ಅಷ್ಟೇ. ಮೂರನೆಯದು ಉತ್ತರಕ್ಕೆ. 135 ಅಗಲ, 120 ಎತ್ತರ. ಅಳತೆ ನೋಡಿದರೆ ಇದೇ ಸುಲಭದ್ದು ಅನ್ನಿಸುತ್ತದೆ. ಆದರೆ ಅದರ ಎಡಕ್ಕೆ 3 ಸೆಂ.ಮೀ. ಬಿಟ್ಟು ವಾರ್ಡ್‌ರೋಬ್ ನಿಂತಿದೆ. ಅದನ್ನು ಗೋಡೆಗೇ ಕೂಡಿಸಿ ಮಾಡಿಸಿದ್ದಾರೆ, ಸರಿಸಲು ಬರುವುದಿಲ್ಲ. ಬಲಕ್ಕೆ ಮಾತ್ರ 90 ಸೆಂ.ಮೀ. ಖಾಲಿ ಗೋಡೆ ಇದೆ.

ಅಣ್ಣನಿಗೆ ಒಂದೇ ಆಸೆ, ಮೂರಕ್ಕೂ ಒಂದೇ ಥರದ ಪರದೆ ಇರಬೇಕು. "ಮೂರೂ ಬೇರೆ ಬೇರೆ ಆದ್ರೆ ಕಣ್ಣಿಗೆ ಚುಚ್ಚಲ್ವಾ?" ಅಂತ ಕೇಳಿದ. ನ್ಯಾಯವಾದ ಪ್ರಶ್ನೆಯೇ. ಆದರೆ ನನ್ನ ಅನುಭವದಲ್ಲಿ ಕಣ್ಣಿಗೆ ಚುಚ್ಚುವುದು ಬಣ್ಣ ಬೇರೆ ಆದಾಗ. ಪರದೆಯ ರೂಪ ಬೇರೆ ಆದರೆ ಅಷ್ಟು ಗೊತ್ತಾಗುವುದಿಲ್ಲ. 42 ಸೆಂ.ಮೀ. ಕಿಟಕಿಗೂ 210 ಸೆಂ.ಮೀ. ಕಿಟಕಿಗೂ ಒಂದೇ ನೆರಿಗೆ ಪರದೆ ಹಾಕಿದರೆ, ಚಿಕ್ಕದರಲ್ಲಿ ಬಟ್ಟೆಯೇ ಕಾಣುತ್ತದೆ ಹೊರತು ಕಿಟಕಿ ಕಾಣುವುದಿಲ್ಲ. ಬಣ್ಣ ಒಂದೇ ಇರಲಿ, ಮಿಕ್ಕಿದ್ದನ್ನು ಕಿಟಕಿಗೆ ಬಿಡೋಣ ಅಂತ ಅಲ್ಲಿಗೆ ಮಾತು ಮುಗಿಯಿತು.

ಕತ್ತಲು ಎಷ್ಟು ಬೇಕು?

ಬಟ್ಟೆ ನೋಡುವ ಮೊದಲು ಒಂದು ಪರೀಕ್ಷೆ ಮಾಡಿದೆವು. ಪ್ಯಾಕಿಂಗ್ ಡಬ್ಬಗಳ ರಟ್ಟನ್ನು ಗಾಜಿನ ಅಳತೆಗೆ ಕತ್ತರಿಸಿ ಮೂರೂ ಕಿಟಕಿಗೆ ಟೇಪಿನಿಂದ ಅಂಟಿಸಿ, ಮಧ್ಯಾಹ್ನ ಬಾಗಿಲು ಹಾಕಿಕೊಂಡು ಒಳಗೆ ಕೂತೆವು. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಮೊದಲ ಐದು ನಿಮಿಷ ಎಲ್ಲಾ ಕಪ್ಪಾಗಿಯೇ ಇತ್ತು. ಆಮೇಲೆ ಒಂದೊಂದೇ ಗೆರೆ ಕಾಣಿಸಿಕೊಳ್ಳತೊಡಗಿತು. ಚೌಕಟ್ಟಿನ ಅಂಚಿನಲ್ಲಿ ಟೇಪು ಎದ್ದ ಕಡೆ ಕೂದಲಿನಷ್ಟು ತೆಳ್ಳಗಿನ ಸಂದು ಇತ್ತು. ಅಲ್ಲಿಂದ ಬಂದ ಬೆಳಕು ಎದುರು ಗೋಡೆಯ ಮೇಲೆ ಬೆರಳಗಲದ ಪಟ್ಟಿಯಾಗಿ ಬಿದ್ದಿತ್ತು. ಅತ್ತಿಗೆ ದಿಂಬಿಗೆ ತಲೆಯಿಟ್ಟು ನೋಡಿ, "ಆ ಪಟ್ಟಿ ಪರವಾಗಿಲ್ಲ, ಅದು ಕಾಲ ಕಡೆ ಇದೆ. ಆದ್ರೆ ಮೂಲೆ ಕಿಟಕಿಯದು ನೇರ ಮುಖಕ್ಕೇ ಬರುತ್ತೆ ನೋಡು" ಅಂದರು. ಎರಡೂ ಸಂದು ಒಂದೇ ಅಗಲದವು. ಒಂದು ತೊಂದರೆ ಕೊಡುತ್ತದೆ, ಇನ್ನೊಂದು ಕೊಡುವುದಿಲ್ಲ. ಇದು ಮಲಗಿ ನೋಡಿದರೆ ಮಾತ್ರ ತಿಳಿಯುವ ವಿಷಯ. ನಿಂತುಕೊಂಡು ಅಳತೆ ತೆಗೆದರೆ ಗೊತ್ತಾಗುವುದಿಲ್ಲ.

ಇಷ್ಟು ಗಟ್ಟಿಯಾಗಿ ಕತ್ತಲಿನ ಹಿಂದೆ ಬೀಳಲು ಕಾರಣ ಇದೆ. ಬೆಳಕನ್ನು ಲಕ್ಸ್ ಅನ್ನುವ ಅಳತೆಯಲ್ಲಿ ಹೇಳುತ್ತಾರೆ. ನೇರ ಬಿಸಿಲು ಸುಮಾರು 1,00,000 ಲಕ್ಸ್ ಇರುತ್ತದೆ. ದೀಪ ಹಾಕಿದ ಕಚೇರಿಯಲ್ಲಿ 300ರಿಂದ 500 ಲಕ್ಸ್. ಅಂದರೆ ಬಿಸಿಲಿನ ನೂರರಲ್ಲಿ ಒಂದು ಪಾಲು ಒಳಗೆ ನುಸುಳಿದರೂ ಅಲ್ಲಿ ಓದುವಷ್ಟು ಬೆಳಕಿರುತ್ತದೆ. ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಅಳೆದು ಮೆದುಳಿಗೆ 'ಈಗ ಹಗಲು' ಅಂತ ತಿಳಿಸುವ ಬೇರೆಯೇ ಕೋಶಗಳಿವೆ. ಅವು ನೀಲಿ ಬೆಳಕಿಗೆ ಜಾಸ್ತಿ ಸ್ಪಂದಿಸುತ್ತವೆ, ಮತ್ತು ಹಗಲಿನ ಬೆಳಕಿನಲ್ಲಿ ನೀಲಿ ಧಾರಾಳವಾಗಿರುತ್ತದೆ. ಆ ಸುದ್ದಿ ಮುಟ್ಟಿದ ಕೂಡಲೇ ನಿದ್ದೆಗೆ ಬೇಕಾದ ಮೆಲಟೋನಿನ್ ಅನ್ನುವ ಹಾರ್ಮೋನು ಕಡಿಮೆಯಾಗುತ್ತದೆ. ಕಣ್ಣು ಮುಚ್ಚಿದರೂ ರೆಪ್ಪೆಯ ಮೂಲಕ ಸ್ವಲ್ಪ ಬೆಳಕು ಹೋಗೇ ಹೋಗುತ್ತದೆ. ರಾತ್ರಿಯಿಡೀ ಬೇರೆಯವರಿಗಾಗಿ ಎದ್ದಿದ್ದವರಿಗೆ ಹಗಲಲ್ಲಿ ಸರಿಯಾದ ಕತ್ತಲು ಸಿಗಲೇಬೇಕು. ಅದನ್ನು ಶೋಕಿ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಒಂದು ಎಚ್ಚರಿಕೆ ಹೇಳಬೇಕು. ರಟ್ಟನ್ನಾಗಲಿ ಅಲ್ಯೂಮಿನಿಯಂ ಹಾಳೆಯನ್ನಾಗಲಿ ಬಿಸಿಲು ಬೀಳುವ ಗಾಜಿಗೆ ತಿಂಗಳುಗಟ್ಟಲೆ ಅಂಟಿಸಿ ಬಿಡಬೇಡಿ. ಗಾಜಿನ ಮಧ್ಯಭಾಗ ಕಾದು, ಚೌಕಟ್ಟಿನೊಳಗಿನ ಅಂಚು ತಣ್ಣಗೇ ಉಳಿದರೆ ಗಾಜು ಬಿರುಕು ಬಿಡಬಹುದು. ನಮ್ಮದು ಪರೀಕ್ಷೆಗೆ ಮಾತ್ರ, ಸಂಜೆಗೇ ತೆಗೆದೆವು.

ಈ ಪರೀಕ್ಷೆಯಿಂದ ಆಯ್ಕೆಯ ದಿಕ್ಕೇ ಬದಲಾಯಿತು. ಬ್ಲ್ಯಾಕ್‌ಔಟ್ ಬಟ್ಟೆ ಅಂತ ಮಾರುವುದರಲ್ಲಿ ಒಳ್ಳೆಯದಾದರೆ, ನಡುವೆ ಒಂದು ಕಪ್ಪು ಪದರ ಇರುತ್ತದೆ. ಆ ಬಟ್ಟೆಯೊಳಗಿಂದ ಬೆಳಕು ಬರುವುದಿಲ್ಲ. ಬರುವುದೆಲ್ಲ ಮೇಲೆ, ಕೆಳಗೆ, ಪಕ್ಕದ ಸಂದುಗಳಿಂದ. ಹಾಗಾಗಿ ಯಾವ ಬಟ್ಟೆ ಅನ್ನುವುದು ಎರಡನೇ ಪ್ರಶ್ನೆಯಾಯಿತು. ಪರದೆಯ ಅಂಚು ಎಲ್ಲಿ ಹೋಗಿ ನಿಲ್ಲುತ್ತದೆ, ಅಲ್ಲಿ ಗೋಡೆ ಇದೆಯಾ ಅನ್ನುವುದು ಮೊದಲನೆಯದು.

ತಲೆಯ ಮೇಲಿನ ಅಡ್ಡ ಕಿಟಕಿ

ಪೂರ್ವದ ಬಿಸಿಲು ಬರುವುದು ಇಲ್ಲಿಂದ. ಅತ್ತಿಗೆ ಮಲಗುವ ಹೊತ್ತಿಗೆ ಸೂರ್ಯ ಇದೇ ಕಿಟಕಿಯ ಎದುರು ಇರುತ್ತಾನೆ. ಮೂರರಲ್ಲಿ ಮುಖ್ಯವಾದದ್ದೂ ಇದೇ, ಯೋಚನೆ ಬೇಡಿದ್ದೂ ಇದೇ.

ಎಲ್ಲರಿಗೂ ಮೊದಲು ಹೊಳೆಯುವುದು ರೋಲರ್ ಬ್ಲೈಂಡ್, ಅಂದರೆ ಮೇಲಿನ ಕೊಳವೆಗೆ ಸುತ್ತಿಕೊಳ್ಳುವ ಪರದೆ. ಗಿಡ್ಡ ಕಿಟಕಿಗೆ ಗಿಡ್ಡ ಬ್ಲೈಂಡ್, ಕೆಲಸ ಮುಗಿಯಿತು ಅನ್ನಿಸುತ್ತದೆ. ಇಲ್ಲಿ ಅದಕ್ಕೆ ಮೂರು ಅಡ್ಡಿ. ಎರಡೂ ಪಕ್ಕ ಹತ್ತು-ಹನ್ನೆರಡು ಸೆಂ.ಮೀ. ಗೋಡೆ ಮುಚ್ಚಬೇಕೆಂದರೆ ಬ್ಲೈಂಡ್ 230 ಸೆಂ.ಮೀ. ದಾಟುತ್ತದೆ. ಅಷ್ಟು ಅಗಲಕ್ಕೆ ತೆಳ್ಳಗಿನ ಕೊಳವೆ ನಡುವೆ ಬಾಗುತ್ತದೆ, ಬಟ್ಟೆ ಸುಕ್ಕು ಬೀಳುತ್ತದೆ. ದಪ್ಪ ಕೊಳವೆ ಹಾಕಿದರೆ ಅದು ಗೋಡೆಯಿಂದ ಮುಂದಕ್ಕೆ ಬಂದು ಸಂದು ದೊಡ್ಡದಾಗುತ್ತದೆ. ಎರಡು ಬ್ಲೈಂಡ್ ಮಾಡಿದರೆ ನಟ್ಟನಡುವೆ ಬೆಳಕಿನ ಗೆರೆ. ಇವನ್ನಾದರೂ ಹೇಗೋ ಸರಿಮಾಡಬಹುದಿತ್ತು. ಮೂರನೆಯದನ್ನು ಮಾಡಲಾಗುವುದಿಲ್ಲ. ಅಷ್ಟು ಎತ್ತರದ ಬ್ಲೈಂಡನ್ನು ಎಳೆಯಲು ಉದ್ದನೆಯ ಸರಪಳಿ ಬೇಕು. ಅದು ಬಂದು ನೇತಾಡುವುದು ಮಂಚದ ಮೇಲೆ, ಮಗು ಆಡುವ ಜಾಗದಲ್ಲಿ.

ಈ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ. ಬ್ಲೈಂಡಿನ ಹಗ್ಗ, ಸರಪಳಿಯ ಕುಣಿಕೆ ಕುತ್ತಿಗೆಗೆ ಸಿಕ್ಕಿ ಮಕ್ಕಳು ಸತ್ತ ಘಟನೆಗಳು ಹಲವು ದೇಶಗಳಲ್ಲಿ ನಡೆದಿವೆ. ಅದಕ್ಕೇ ಯುರೋಪಿನಲ್ಲಿ 2014ರಲ್ಲಿ ನಿಯಮ ಬಿಗಿ ಮಾಡಿದರು. ಅಮೆರಿಕದಲ್ಲಿ 2018ರ ಕೊನೆಯಿಂದ ರೆಡಿಮೇಡ್ ಬ್ಲೈಂಡುಗಳಿಗೆ ಕೈಗೆ ಸಿಗುವಂಥ ಹಗ್ಗವೇ ಇರಬಾರದು ಎಂದಾಯಿತು. ಸರಪಳಿಯ ತುದಿ ನೆಲದಿಂದ 150 ಸೆಂ.ಮೀ. ಮೇಲೆ ಇದ್ದರೆ ಸಾಕು ಅನ್ನುವ ಲೆಕ್ಕವೊಂದಿದೆ. ಆದರೆ ಮಂಚದ ಮೇಲೆ ನಿಂತ ಮಗುವಿಗೆ ಆ 150ರಲ್ಲಿ 50 ಸೆಂ.ಮೀ. ಹಾಸಿಗೆಯೇ ಕೊಟ್ಟುಬಿಡುತ್ತದೆ. ಮಂಚದ ಹತ್ತಿರ ಆ ಅಂಕಿಯನ್ನು ನಂಬಬೇಡಿ.

ಕೊನೆಗೆ ಒಪ್ಪಿದ್ದು ಇದು. ಪರದೆಯನ್ನು ಕಿಟಕಿಯ ಅಳತೆಗೆ ಹೊಲಿಯುವ ಬದಲು ಗೋಡೆಯ ಅಳತೆಗೆ ಹೊಲಿಯುವುದು. ಕಿಟಕಿಯ ಚೌಕಟ್ಟಿನ ಮೇಲಂಚು ನೆಲದಿಂದ 235ರಲ್ಲಿದೆ. ಅದಕ್ಕಿಂತ 12 ಸೆಂ.ಮೀ. ಮೇಲೆ, 247ರಲ್ಲಿ ಪರದೆ ಜಾರುವ ರೈಲು. ರೈಲಿನ ಉದ್ದ 280, ಅಂದರೆ ಕಿಟಕಿಯ ಎರಡೂ ಬದಿಗೆ 35 ಸೆಂ.ಮೀ. ಜಾಸ್ತಿ. ಪರದೆ ಕಿಟಕಿಯ ಕೆಳಗಂಚಿಗೆ ನಿಲ್ಲುವುದಿಲ್ಲ. ಮಂಚದ ತಲೆಹಲಗೆಯ ಎತ್ತರ 110. ಪರದೆ ಅದರ ಹಿಂದಕ್ಕೆ ಇಳಿದು ನೆಲದಿಂದ 97 ಸೆಂ.ಮೀ.ವರೆಗೆ ಬರುತ್ತದೆ. ಕೆಳಗಿನ ಅಂಚು ಹಲಗೆಗೂ ಗೋಡೆಗೂ ನಡುವೆ ಸಿಕ್ಕಿಕೊಳ್ಳುವುದರಿಂದ ಅಲ್ಲಿಂದ ಬೆಳಕು ಬರಲು ದಾರಿಯೇ ಇಲ್ಲ. 45 ಸೆಂ.ಮೀ. ಕಿಟಕಿಗೆ 150 ಸೆಂ.ಮೀ. ಪರದೆ! ಕಾಗದದ ಮೇಲೆ ವಿಚಿತ್ರ ಅನ್ನಿಸಿತು, ಅಣ್ಣ ಎರಡು ಸಲ ಕೇಳಿದ. ಗೋಡೆಯ ಮೇಲೆ ಮಾತ್ರ ಅದು ಸರಿಯಾಗಿ ಕೂರುತ್ತದೆ. ಗಿಡ್ಡ ಕಿಟಕಿಗೆ ಗಿಡ್ಡ ಪರದೆ ಹಾಕಿದರೆ ಗಿಡ್ಡತನವೇ ಎದ್ದು ಕಾಣುತ್ತದೆ. ಇಲ್ಲಿ ಪರದೆ ಮುಚ್ಚಿದಾಗ ಹಿಂದೆ ಎಷ್ಟು ದೊಡ್ಡ ಕಿಟಕಿ ಇದೆ ಅನ್ನುವುದೇ ತಿಳಿಯುವುದಿಲ್ಲ.

ಬಟ್ಟೆಯ ಲೆಕ್ಕ ಹೀಗಿತ್ತು. ಬಟ್ಟೆಯ ಪನ್ನ, ಅಂದರೆ ಥಾನಿನ ಅಗಲ, 140 ಸೆಂ.ಮೀ. ನಾಲ್ಕು ಪನ್ನ ಸೇರಿದರೆ 560, ರೈಲಿನ ಎರಡರಷ್ಟು. ಪಕ್ಕದ ಮಡಿಕೆ, ಕೂಡುಹೊಲಿಗೆ ಕಳೆದರೆ ನೆರಿಗೆ ಎರಡರಷ್ಟಕ್ಕಿಂತ ತುಸು ಕಡಿಮೆ ನಿಲ್ಲುತ್ತದೆ. ಅಸ್ತರು ಹಾಕುವ ಪರದೆಗೆ ಅದು ಬೇಕಾದಷ್ಟಾಯಿತು, ಇನ್ನೂ ಜಾಸ್ತಿಯಾದರೆ ಸರಿಸಿದಾಗ ದಪ್ಪ ಕಂತೆಯಾಗುತ್ತದೆ. ಉದ್ದ 150, ಮೇಲಿನ ಮಡಿಕೆಗೂ ಕೆಳಗಿನ ಮಡಿಕೆಗೂ ಸೇರಿ 25. ಒಂದು ಪನ್ನಕ್ಕೆ 175, ನಾಲ್ಕಕ್ಕೆ 7 ಮೀಟರ್. ಚಿತ್ರವಿರುವ ಬಟ್ಟೆಯಾದರೆ ಚಿತ್ರ ಕೂಡಿಸಲು ಇನ್ನಷ್ಟು ಹೋಗುತ್ತಿತ್ತು. ನಮ್ಮದು ಪ್ಲೇನ್. ಹತ್ತಿ ಮೊದಲ ಒಗೆತದಲ್ಲಿ ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗಬಹುದು. ಅದಕ್ಕೆ ಕತ್ತರಿಸುವ ಮೊದಲೇ ನೆನೆಸಿ ಒಣಗಿಸಿದೆವು.

ಹೊಲಿಗೆಯಲ್ಲೂ ಒಂದು ಸೂಕ್ಷ್ಮ ಇದೆ. ಬ್ಲ್ಯಾಕ್‌ಔಟ್ ಬಟ್ಟೆಗೆ ಸೂಜಿ ಹೋದ ಕಡೆಯೆಲ್ಲ ತೂತು ಉಳಿಯುತ್ತದೆ, ಮಾಮೂಲಿ ಬಟ್ಟೆಯ ಥರ ಎಳೆಗಳು ಮತ್ತೆ ಕೂಡಿಕೊಳ್ಳುವುದಿಲ್ಲ. ಬಿಸಿಲಿಗೆ ಹಿಡಿದರೆ ಹೊಲಿಗೆಯ ಸಾಲಿನಲ್ಲಿ ಚುಕ್ಕಿ ಚುಕ್ಕಿ ಬೆಳಕು ಕಾಣುತ್ತದೆ. ಅದಕ್ಕೆ ಮೇಲಿನ ಬಟ್ಟೆ ಬೇರೆ, ಬ್ಲ್ಯಾಕ್‌ಔಟ್ ಅಸ್ತರು ಬೇರೆ ಮಾಡಿ, ಎರಡರ ಕೂಡುಹೊಲಿಗೆ ಒಂದರ ಹಿಂದೆ ಒಂದು ಬರದಂತೆ ಅಸ್ತರನ್ನು ಪಕ್ಕಕ್ಕೆ ಸರಿಸಿ ಹೊಲಿದೆ. ಇದರ ತೂತಿಗೆ ಅದರ ಬಟ್ಟೆ ಅಡ್ಡ ನಿಲ್ಲುತ್ತದೆ.

ಇನ್ನು ಮೇಲಿನಿಂದ ಬರುವ ಬೆಳಕು. ರೈಲನ್ನು ಗೋಡೆಗೆ ಬ್ರಾಕೆಟ್ ಹೊಡೆದು ಕೂರಿಸಿದರೆ ಗೋಡೆಗೂ ಬಟ್ಟೆಗೂ ನಡುವೆ ಸಂದು ಉಳಿದು, ಅಲ್ಲಿಂದ ಬೆಳಕು ಸೀದಾ ಚಾವಣಿಗೆ ಚೆಲ್ಲುತ್ತದೆ. ಬಿಳಿ ಚಾವಣಿ ಅದನ್ನು ಕೋಣೆ ತುಂಬಾ ಹರಡುತ್ತದೆ. ಅದಕ್ಕೆ 10 ಸೆಂ.ಮೀ. ಅಗಲದ ಮರದ ಹಲಗೆಯನ್ನು ಗೋಡೆಗೆ ಅಡ್ಡಲಾಗಿ ಕೂರಿಸಿ, ರೈಲನ್ನು ಅದರ ಅಡಿಗೆ ಹೊಡೆದೆವು. ಹಲಗೆಯೇ ಮುಚ್ಚಳವಾಯಿತು. ರೈಲಿನ ಎರಡೂ ತುದಿಯನ್ನು ಗೋಡೆಯ ಕಡೆಗೆ ಬಾಗಿಸಿದ್ದರಿಂದ ಪರದೆ ಪಕ್ಕದಲ್ಲಿ ತಿರುಗಿ ಗೋಡೆಗೆ ಮುಟ್ಟುತ್ತದೆ. ಕಿಟಕಿಯ ಮೇಲೆ ಲಿಂಟಲ್ ಕಾಂಕ್ರೀಟ್ ಇರುವುದರಿಂದ ಹ್ಯಾಮರ್ ಡ್ರಿಲ್ ಬೇಕಾಯಿತು. ಮಾಮೂಲಿ ಡ್ರಿಲ್ಲಿನಲ್ಲಿ ಗಾರೆ ಉದುರುತ್ತದೆ, ಗೂಟ ಗಟ್ಟಿಯಾಗಿ ಹಿಡಿಯುವುದಿಲ್ಲ. ಎಳೆಯಲು ಹಗ್ಗ ಇಲ್ಲ. ಎರಡೂ ಪರದೆಯ ಒಳ ಅಂಚಿಗೆ ಒಂದೊಂದು ಉದ್ದನೆಯ ಕೋಲು ಇದೆ, ಅದನ್ನು ಹಿಡಿದು ಸರಿಸುವುದು. ರಜೆ ಇರುವ ದಿನ ಅತ್ತಿಗೆಗೆ ಬೆಳಗಿನ ಬಿಸಿಲು ಬೇಕು. ಪರದೆಗಳನ್ನು ಎರಡೂ ಬದಿಗೆ ಸರಿಸಿದರೆ ಆ 35 ಸೆಂ.ಮೀ. ಜಾಗದಲ್ಲಿ ಸೇರಿಕೊಂಡು ಗಾಜು ಪೂರ್ತಿ ತೆರೆಯುತ್ತದೆ.

ಮೂಲೆಯ ಕಿಟಕಿ

ಇದಕ್ಕೆ ಗೋಡೆಯ ಅಳತೆಯ ಉಪಾಯ ನಡೆಯುವುದಿಲ್ಲ. ಎಡಕ್ಕೆ ಗೋಡೆಯೇ ಇಲ್ಲವಲ್ಲ. ಚೌಕಟ್ಟಿನ ಒಳಗೆ ಕೂರಿಸೋಣ ಅಂದರೆ, ಒಳಗಿನ ಆಳ 7 ಸೆಂ.ಮೀ. ಅದರಲ್ಲಿ ಕಿಟಕಿಯ ಹಿಡಿ 4.5 ಸೆಂ.ಮೀ. ಮುಂದಕ್ಕೆ ಬಂದಿದೆ. ಉಳಿದ 2.5ರಲ್ಲಿ ಯಾವ ರೋಲರ್ ಬ್ಲೈಂಡೂ ಹಿಡಿಸುವುದಿಲ್ಲ. ಹಿಡಿಸಿದರೂ ಉಪಯೋಗ ಕಡಿಮೆ. ಒಳಗೆ ಕೂರುವ ರೋಲರ್ ಬ್ಲೈಂಡಿನಲ್ಲಿ ಬ್ರಾಕೆಟ್ಟುಗಳಿಗೆ ಜಾಗ ಹೋಗಿ ಬಟ್ಟೆ ಎರಡೂ ಪಕ್ಕ ಒಂದೂವರೆ-ಎರಡು ಸೆಂ.ಮೀ. ಕಡಿಮೆ ಬರುತ್ತದೆ. 210 ಸೆಂ.ಮೀ. ಕಿಟಕಿಗೆ ಅದು ಏನೂ ಅಲ್ಲ. 42 ಸೆಂ.ಮೀ. ಕಿಟಕಿಗೆ, ಅದೂ ಮುಖದ ನೇರಕ್ಕೆ ಇರುವುದಕ್ಕೆ, ಅದು ತುಂಬಾ ಆಯಿತು. ಒತ್ತಿ ನಿಲ್ಲುವ ಸ್ಪ್ರಿಂಗ್ ರಾಡ್ ಹಾಕಿ ಚಿಕ್ಕ ಪರದೆ ಇಳಿಬಿಡುವುದು ಅಣ್ಣನ ಸಲಹೆ. ಡ್ರಿಲ್ ಬೇಡ, ಅಷ್ಟು ಕಡಿಮೆ ಅಗಲಕ್ಕೆ ರಾಡ್ ಗಟ್ಟಿಯಾಗಿಯೂ ನಿಲ್ಲುತ್ತದೆ. ಬಾಡಿಗೆ ಮನೆಯಾಗಿದ್ದರೆ ಅದನ್ನೇ ಮಾಡುತ್ತಿದ್ದೆ. ಆದರೆ ಅದರಲ್ಲೂ ಪಕ್ಕದ ಸಂದು ಹಾಗೇ ಉಳಿಯುತ್ತದೆ. ಗಾಜಿಗೆ ಮಬ್ಬು ಫಿಲ್ಮ್ ಅಂಟಿಸಿದರೆ ಹೊರಗಿನವರಿಗೆ ಒಳಗೆ ಕಾಣುವುದಿಲ್ಲ, ಆದರೆ ಕತ್ತಲಾಗುವುದಿಲ್ಲ.

ಉಳಿದ ದಾರಿ, ಬ್ಲೈಂಡನ್ನು ಗೋಡೆಗೂ ಚೌಕಟ್ಟಿಗೂ ಬಿಟ್ಟು ತೆರೆಯುವ ಕದಕ್ಕೇ ಕೂರಿಸುವುದು. ಬಟ್ಟೆ ಸುತ್ತಿಕೊಳ್ಳುವ ಚಿಕ್ಕ ಪೆಟ್ಟಿಗೆ ಗಾಜಿನ ಮೇಲ್ಗಡೆ ಇರುತ್ತದೆ, ಎರಡೂ ಪಕ್ಕ ಬಟ್ಟೆಯ ಅಂಚು ಜಾರುವ ಕಾಲುವೆಯಂಥ ಪಟ್ಟಿಗಳು ಇರುತ್ತವೆ. ಅಂಚು ಪಟ್ಟಿಯ ಒಳಗೇ ಇರುವುದರಿಂದ ಸಂದೇ ಇಲ್ಲ. ಸರಪಳಿಯೂ ಇಲ್ಲ, ಕೆಳಗಿನ ಹಿಡಿಯನ್ನು ಎಳೆದು ಬೇಕಾದ ಕಡೆ ನಿಲ್ಲಿಸುವುದು. ಆರ್ಡರ್ ಕೊಡುವ ಮೊದಲು ನನಗಿದ್ದ ಅನುಮಾನ ಒಂದೇ. ಪಕ್ಕದ ಪಟ್ಟಿ ಕಿಟಕಿಯ ಹಿಡಿಗೆ ತಾಗುತ್ತದಾ? ರಟ್ಟಿನಿಂದ ಪಟ್ಟಿಯಷ್ಟೇ ಅಗಲ, ಪಟ್ಟಿಯಷ್ಟೇ ದಪ್ಪ ಬರುವಂತೆ ಮೂರು ಪದರ ಅಂಟಿಸಿ, ಅದನ್ನು ಗಾಜಿನ ಅಂಚಿಗೆ ಇಟ್ಟೆವು. ಹಿಡಿಯನ್ನು ತಿರುಗಿಸಿ ಕದ ತೆರೆದು ಮುಚ್ಚಿ ನೋಡಿದೆವು. ಹಿಡಿಗೂ ರಟ್ಟಿಗೂ ನಡುವೆ ಒಂದು ನಾಣ್ಯ ಹೋಗುವಷ್ಟು ಜಾಗ ಉಳಿಯಿತು. ಬೆರಳಿಗೆ ತಾಗುವುದಿಲ್ಲ ಅಂತ ಅತ್ತಿಗೆಯೂ ತಿರುಗಿಸಿ ನೋಡಿದ ಮೇಲೆ ಆರ್ಡರ್ ಕೊಟ್ಟೆ. ಗಾಜಿನ ಅಳತೆಯನ್ನು ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಕಡೆ ಮಿಲಿಮೀಟರಿನಲ್ಲಿ ತೆಗೆದು, ಮೂರರಲ್ಲಿ ಚಿಕ್ಕದನ್ನು ಬರೆದೆ. ಒಳಗೆ ಕೂರುವ ಯಾವುದಕ್ಕೂ ಚಿಕ್ಕ ಅಳತೆಯೇ ಅಳತೆ.

ಈ ಬ್ಲೈಂಡ್ ಗಾತ್ರಕ್ಕೆ ಹೋಲಿಸಿದರೆ ದುಬಾರಿ. ಮೂರರಲ್ಲಿ ಚಿಕ್ಕ ಕಿಟಕಿಗೆ ಯಾಕೆ ಅಷ್ಟು ಖರ್ಚು ಅಂತ ಅನ್ನಿಸಬಹುದು. ಮುಖಕ್ಕೆ ಬೆಳಕು ಬೀಳುವುದು ಅಲ್ಲಿಂದಲೇ, ಹಾಗಾಗಿ ದುಡ್ಡು ಹೋಗಬೇಕಾದ ಜಾಗವೂ ಅದೇ. ಇದಕ್ಕೆ ಒಂದು ಮಿತಿಯೂ ಇದೆ. ಕದ ತೆರೆದರೆ ಬ್ಲೈಂಡೂ ಕದದ ಜೊತೆ ಹೋಗುತ್ತದೆ. ಕತ್ತಲು ಬೇಕಾದಾಗ ಈ ಕಿಟಕಿ ಮುಚ್ಚಿಯೇ ಇರಬೇಕು. ಗಾಳಿಗೆ ಪೂರ್ವದ ಕಿಟಕಿಯನ್ನು ಸ್ವಲ್ಪ ತೆರೆದಿಡುತ್ತಾರೆ. ಗಾಳಿ ಬೀಸಿದರೆ ಪರದೆ ಹಾರಿ ಬೆಳಕು ಹೊಡೆಯಬಾರದಲ್ಲ, ಅದಕ್ಕೆ ಕೆಳಗಿನ ಮಡಿಕೆಯೊಳಗೆ ಸೀಸದ ಬದಲು ಉಕ್ಕಿನ ತೂಕದ ಸರಪಳಿ ಹಾಕಿ ಹೊಲಿದಿದ್ದೇನೆ.

ವಾರ್ಡ್‌ರೋಬ್ ಪಕ್ಕದ ಕಿಟಕಿ

ಉತ್ತರದ ಕಿಟಕಿಯ ಚೌಕಟ್ಟು ಸೊಟ್ಟಗಿತ್ತು. ಮೂಲೆಯಿಂದ ಮೂಲೆಗೆ ಎರಡೂ ಕಡೆ ಟೇಪು ಹಿಡಿದರೆ 2 ಸೆಂ.ಮೀ. ವ್ಯತ್ಯಾಸ. ಒಳಗೆ ಬ್ಲೈಂಡ್ ಕೂರಿಸಿದ್ದರೆ ಆ ಸೊಟ್ಟ ದಿನವೂ ಕಣ್ಣಿಗೆ ಬೀಳುತ್ತಿತ್ತು. ಹೊರಗೆ ಪರದೆ ಹಾಕಿದರೆ ಅದು ಮುಚ್ಚಿಹೋಗುತ್ತದೆ.

ಇಲ್ಲಿ ನಡುವಿನಿಂದ ಎರಡು ಕಡೆ ತೆರೆಯುವ ಪರದೆ ಬೇಡವೆಂದೆ. ಎಡಕ್ಕೆ ಸರಿಸಿದ ಬಟ್ಟೆ ನಿಲ್ಲಲು ಜಾಗವಿಲ್ಲ, ಗಾಜಿನ ಮೇಲೇ ನಿಂತು ಬೆಳಕು ತಿನ್ನುತ್ತದೆ. ಒಂದೇ ಪರದೆ, ಬಲಕ್ಕೆ ಮಾತ್ರ ಸರಿಯುವುದು. ಜೋಡಿ ಪರದೆ ಇಲ್ಲದಿದ್ದರೆ ಅರ್ಧ ಅನ್ನಿಸುತ್ತದೆ ಅನ್ನುವವರಿದ್ದಾರೆ. ಒಂದು ಪಕ್ಕ ದೊಡ್ಡ ಪೀಠೋಪಕರಣ ಇದ್ದಾಗ ಹಾಗೆ ಅನ್ನಿಸುವುದಿಲ್ಲ. ಎಡ ಅಂಚಿಗೆ ಉದ್ದಕ್ಕೂ ವೆಲ್ಕ್ರೋ ಹೊಲಿದು, ಅದರ ಜೋಡಿಯನ್ನು ವಾರ್ಡ್‌ರೋಬಿನ ಪಕ್ಕದ ಹಲಗೆಗೆ ಅಂಟಿಸಿದೆ. ಮಲಗುವಾಗ ಒತ್ತಿದರೆ ಸಾಕು. ವಾರ್ಡ್‌ರೋಬೇ ಗೋಡೆಯ ಕೆಲಸ ಮಾಡುತ್ತದೆ.

ಮಗಳು ಆಟವಾಡುವಾಗ ಬೆಳಕು ಬೇಕು, ಎದುರು ಮನೆಯವರಿಗೆ ಕಾಣಬಾರದು ಅಂತ ಹಿಂದೆ ಇನ್ನೊಂದು ತೆಳುಪರದೆ ಹಾಕಿದೆವು. ತೆಳುಪರದೆ ಹಗಲಲ್ಲಿ ಮಾತ್ರ ಮರೆ. ರಾತ್ರಿ ಒಳಗೆ ದೀಪ ಹಾಕಿದರೆ ಹೊರಗಿನಿಂದ ಎಲ್ಲಾ ಕಾಣುತ್ತದೆ, ಆಗ ದಪ್ಪ ಪರದೆ ಎಳೆಯಲೇಬೇಕು. ಎರಡೂ ನೆಲದಿಂದ 1 ಸೆಂ.ಮೀ. ಮೇಲೆ ನಿಲ್ಲುತ್ತವೆ. ಕೆಳಗಿನ ಮಡಿಕೆಯನ್ನು ಮೊದಲು ಪಿನ್ ಮಾತ್ರ ಹಾಕಿ ನೇತುಬಿಟ್ಟು, ಬಟ್ಟೆ ತನ್ನ ಭಾರಕ್ಕೆ ಇಳಿದ ಮೇಲೆ ಹೊಲಿದೆ.

ಕೂರಿಸಿದ ಮೇಲೆ

ಬಣ್ಣ ಗೋಡೆಗಿಂತ ಒಂದು ಛಾಯೆ ಗಾಢವಾದ ಬೂದು. ಪರದೆ ಎರಡೂ ಅದೇ ಬಟ್ಟೆ, ಮೂಲೆಯ ಬ್ಲೈಂಡ್ ಅದಕ್ಕೆ ಹತ್ತಿರದ ಬಣ್ಣ. ಮೂರೂ ಬೇರೆ ಬೇರೆ ಬಗೆಯವು ಅಂತ ಹೇಳಿದರೆ ಮಾತ್ರ ಗೊತ್ತಾಗುತ್ತದೆ. ಅಣ್ಣ ಆಮೇಲೆ ಆ ಮಾತು ಎತ್ತಲಿಲ್ಲ. ಅಸ್ತರಿನ ಹೊರಮುಖ ಬಿಳಿ, ಬಿಸಿಲಿನ ಶಾಖವನ್ನು ಸ್ವಲ್ಪವಾದರೂ ಹಿಂದಕ್ಕೆ ತಳ್ಳಲಿ ಅಂತ.

ಮತ್ತೆ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಕೂತು ನೋಡಿದೆವು. ಕಿಟಕಿಗಳ ಕಡೆಯಿಂದ ಉಳಿದದ್ದು ಉತ್ತರದ ಪರದೆಯ ಬುಡದಲ್ಲಿ ಒಂದು ಮಂಕು ಗೆರೆ ಮಾತ್ರ. ಅದು ಮಂಚದಿಂದ ಕಾಣುವುದಿಲ್ಲ. ಆದರೆ ಕಿಟಕಿಗಳು ಕತ್ತಲಾದ ಮೇಲೆ ಬೇರೆ ಬೆಳಕುಗಳು ಎದ್ದು ಕಂಡವು. ಬಾಗಿಲಿನ ಕೆಳಗಿನ ಸಂದಿನಿಂದ ಹಜಾರದ ಬೆಳಕು ಉದ್ದಕ್ಕೆ ಬಿದ್ದಿತ್ತು. ಗೋಡೆಯ ಚಾರ್ಜರಿನ ನೀಲಿ ಚುಕ್ಕಿಯೂ ಉರಿಯುತ್ತಿತ್ತು. ಬಾಗಿಲಿನ ಬುಡಕ್ಕೆ ರಬ್ಬರ್ ಪಟ್ಟಿ ಹಾಕಿಸಿದೆವು, ಚಾರ್ಜರ್ ಹಜಾರಕ್ಕೆ ಹೋಯಿತು. ರಬ್ಬರ್ ಪಟ್ಟಿಯಿಂದ ಮಗುವಿನ ಗಲಾಟೆಯೂ ಕೊಂಚ ಕಡಿಮೆ ಕೇಳುತ್ತದೆ ಅಂತ ಅತ್ತಿಗೆ ಹೇಳುತ್ತಾರೆ.

ಈಗ ಅವರು ಮಧ್ಯೆ ಏಳದೆ ಮಲಗುವ ದಿನಗಳು ಜಾಸ್ತಿಯಾಗಿವೆ. ಫೋನಿನ ಸದ್ದಿಗೆ, ಬೀದಿಯ ಹಾರ್ನಿಗೆ ಎಚ್ಚರವಾಗುವುದು ಹಾಗೇ ಇದೆ. ಅದು ಪರದೆಯ ಕೈಯಲ್ಲಿಲ್ಲ. ನೋಡಿಕೊಳ್ಳುವುದಕ್ಕೆ ಹೇಳಿದ್ದು ಇಷ್ಟು: ಅಸ್ತರು ಇರುವ ಪರದೆಯನ್ನು ಬಿಸಿನೀರಿಗೆ ಹಾಕಬಾರದು, ಹಿಂಡಬಾರದು, ಲೇಪನ ಬಿರಿಯುತ್ತದೆ. ವ್ಯಾಕ್ಯೂಮ್ ಕ್ಲೀನರಿನ ಬ್ರಷ್ಷಿನಿಂದ ಧೂಳು ತೆಗೆದರೆ ಸಾಕು. ತಲೆಹಲಗೆಯ ಹಿಂದೆ ಇರುವ ಬಟ್ಟೆಯ ಅಂಚಿಗೆ ಗಾಳಿ ಆಡುವುದಿಲ್ಲ, ಅಲ್ಲಿ ತೇವ ನಿಂತು ಬೂಸ್ಟು ಬರಬಹುದು. ಆಗಾಗ ಮಂಚ ಮುಂದಕ್ಕೆ ಎಳೆದು ಗೋಡೆಯನ್ನೂ ಬಟ್ಟೆಯನ್ನೂ ಒರೆಸಬೇಕು. ಮಗಳು ಮಂಚದ ತಲೆಹಲಗೆ ಹತ್ತಲು ಕಲಿತಿರುವುದರಿಂದ ಮೂಲೆಯ ಕಿಟಕಿಯ ಕದಕ್ಕೆ ಬೀಗವಿರುವ ಹಿಡಿ ಹಾಕಿಸುವ ಕೆಲಸ ಬಾಕಿ ಇದೆ. ಹೊಸ ಹಿಡಿ ತರುವಾಗ ಅದರ ಬುಡದ ಅಗಲವನ್ನು ಮತ್ತೆ ಅದೇ ರಟ್ಟಿನ ಪಟ್ಟಿಯ ಜೊತೆ ಹೋಲಿಸಿ ತರಬೇಕು.